ಕಿವುಡರು ವಿಶೇಷ ಶಿಕ್ಷಕರಾಗುವುದು ಹೇಗೆ? ಯುಡಿಐಡಿ ಕಾರ್ಡಿನಿಂದ ಮೊದಲ ನೌಕರಿಯವರೆಗೆ, ಒಂದೊಂದೇ ಹಂತ

"ನಾನು ಕಿವುಡಿ. ಕಿವುಡ ಮಕ್ಕಳಿಗೆ ಟೀಚರ್ ಆಗಬೇಕು. ಏನು ಓದಲಿ?" ಈ ಪ್ರಶ್ನೆ ಪ್ರತಿವರ್ಷ ರಿಸಲ್ಟ್ ಬಂದ ಮೇಲೆ ಬರುತ್ತದೆ. ಅದರ ಹಿಂದೆಯೇ ಬೇರೆ ಥರದ ಮೆಸೇಜುಗಳೂ ಬರುತ್ತವೆ. ಕೋರ್ಸ್ ಮುಗಿಯಿತು, ನೋಂದಣಿ ಆಗುತ್ತಿಲ್ಲ. ಸೀಟು ಸಿಕ್ಕಿತ್ತು, ಸರ್ಟಿಫಿಕೇಟ್ ಅವಧಿ ಮುಗಿದಿದ್ದರಿಂದ ಕೈತಪ್ಪಿತು. ಶಿಕ್ಷಕರ ಅರ್ಹತಾ ಪರೀಕ್ಷೆಯಾದ ಟಿಇಟಿಯಲ್ಲಿ ಭಾಷೆಯ ಭಾಗದಲ್ಲೇ ಮತ್ತೆ ಮತ್ತೆ ಸೋಲು.

ಇಂಥ ಬಹುಪಾಲು ತೊಂದರೆಗಳು ಹುಟ್ಟುವುದು ಕೆಲಸಗಳ ಕ್ರಮ ತಪ್ಪಿದಾಗ. ಮೊದಲು ಮಾಡಬೇಕಾದ್ದನ್ನು ಕೊನೆಗೆ ಬಿಟ್ಟಿರುತ್ತಾರೆ. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಓದಿ. ಇದು ಕರ್ನಾಟಕದಲ್ಲಿ ಓದುತ್ತಿರುವ, ಹುಟ್ಟಿನಿಂದ ಅಥವಾ ಚಿಕ್ಕಂದಿನಿಂದ ಕಿವಿ ಕೇಳದ ವಿದ್ಯಾರ್ಥಿಗಳಿಗಾಗಿ ಬರೆದದ್ದು. ಅಪ್ಪ ಅಮ್ಮ ಜೊತೆಗೆ ಕೂತು ಓದಿದರೆ ಇನ್ನೂ ಒಳ್ಳೆಯದು.

ಮೊದಲೇ ಕೈಯಲ್ಲಿರಬೇಕಾದವು

- ಇತ್ತೀಚಿನ ಆಡಿಯೋಗ್ರಾಂ (ಕಿವಿ ಪರೀಕ್ಷೆಯ ವರದಿ) ಮತ್ತು ಯುಡಿಐಡಿ (ಅಂಗವಿಕಲರ ವಿಶಿಷ್ಟ ಗುರುತಿನ) ಕಾರ್ಡ್
- ಆಧಾರ್ ಮತ್ತು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಎರಡರಲ್ಲೂ ಒಂದೇ ಥರ ಬರೆದ ಹೆಸರು
- ನಿಮ್ಮದೇ ಇ-ಮೇಲ್ ಐಡಿ (ಅಣ್ಣನದ್ದೋ ಸೈಬರ್ ಸೆಂಟರಿನವರದ್ದೋ ಬೇಡ)
- ವಿಡಿಯೋ ತೆಗೆಯಲು ಬರುವ ಫೋನ್ ಮತ್ತು ಸ್ಟ್ಯಾಂಡ್
- ಇನ್ನೂರು ಪುಟದ ಒಂದು ನೋಟ್‌ಬುಕ್, ನೀಲಿ ಪೆನ್ನು, ಕೆಂಪು ಪೆನ್ನು

ಕೊನೆಯದು ಯಾಕೆ ಅಂತ ಎರಡನೇ ಹಂತದಲ್ಲಿ ಗೊತ್ತಾಗುತ್ತದೆ.

ಹಂತ 1: ಕಾಗದಪತ್ರ ಸರಿಮಾಡಿಕೊಳ್ಳಿ

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ ಎರಡೂ ಕಿವಿಗಳಲ್ಲಿ 70 ಡೆಸಿಬಲ್ ನಷ್ಟವಿದ್ದರೆ 'ಕಿವುಡ', 60ರಿಂದ 70ರ ನಡುವೆ ಇದ್ದರೆ 'ಮಂದ ಶ್ರವಣ'. ನೌಕರಿಯ ಅಧಿಸೂಚನೆಗಳಲ್ಲಿ ಇವನ್ನೇ 'ಡಿ' ಮತ್ತು 'ಎಚ್‌ಎಚ್' ಅಂತ ಬರೆಯುತ್ತಾರೆ. ನಿಮ್ಮ ಕಾರ್ಡಿನಲ್ಲಿ ಯಾವುದಿದೆ ನೋಡಿ. ಕಾಲೇಜು ಸೀಟು ಮತ್ತು ನೌಕರಿಯ ಮೀಸಲಾತಿಗೆ ಕನಿಷ್ಠ 40 ಶೇಕಡಾ ಅಂಗವೈಕಲ್ಯ ದಾಖಲಾಗಿರಬೇಕು.

ಕಾರ್ಡಿಗೆ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಆಮೇಲೆ ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ ಇರುತ್ತದೆ. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು (ವಿಆರ್‌ಡಬ್ಲ್ಯೂ), ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು (ಎಂಆರ್‌ಡಬ್ಲ್ಯೂ) ಕೇಳಿ. ಈ ದಾರಿ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.

*ಸಾಮಾನ್ಯ ತಪ್ಪು:* ಚಿಕ್ಕ ವಯಸ್ಸಿನಲ್ಲಿ ಮಾಡಿಸಿದ ತಾತ್ಕಾಲಿಕ ಪ್ರಮಾಣಪತ್ರವನ್ನೇ ಹಿಡಿದುಕೊಂಡು ಹೋಗುವುದು. ಅದರ ಮೇಲೆ 'ಇಂಥ ತಾರೀಕಿನವರೆಗೆ ಮಾತ್ರ' ಅಂತ ಬರೆದಿದೆಯೇ ನೋಡಿ. ಬರೆದಿದ್ದರೆ ಅಡ್ಮಿಷನ್ ಸಮಯಕ್ಕೆ ಆರು ತಿಂಗಳು ಮೊದಲೇ ನವೀಕರಿಸಿ. ಹೆಸರಿನ ಇನಿಷಿಯಲ್ ಒಂದು ಕಡೆ ಹಿಂದೆ, ಇನ್ನೊಂದು ಕಡೆ ಮುಂದೆ ಇದ್ದರೂ ಈಗಲೇ ಸರಿಪಡಿಸಿ. ಆಮೇಲೆ ಇದೇ ವಿಷಯಕ್ಕೆ ಆಫೀಸಿನಿಂದ ಆಫೀಸಿಗೆ ಅಲೆಯಬೇಕಾಗುತ್ತದೆ.

ಹಂತ 2: ಎರಡು ಭಾಷೆ ಗಟ್ಟಿಮಾಡಿಕೊಳ್ಳಿ

ಎಲ್ಲರೂ ಹಾರಿಹೋಗುವ ಹಂತ ಇದು. ಆದರೆ ಟೀಚರ್ ಆಗುವುದೋ ಬಿಡುವುದೋ ತೀರ್ಮಾನವಾಗುವುದು ಇಲ್ಲೇ. ನಿಮಗೆ ಐಎಸ್‌ಎಲ್, ಅಂದರೆ ಭಾರತೀಯ ಸನ್ನೆ ಭಾಷೆ, ಚೆನ್ನಾಗಿ ಬರಬೇಕು. ಬರೆಯುವ ಕನ್ನಡವೂ ಚೆನ್ನಾಗಿ ಬರಬೇಕು. ಒಂದಿದ್ದು ಇನ್ನೊಂದಿಲ್ಲದಿದ್ದರೆ ತರಗತಿಯಲ್ಲಿ ಕಷ್ಟ.

ಸನ್ನೆ ಭಾಷೆ. ಮನೆಯವರ ಜೊತೆ ಬಳಸುವ ಸನ್ನೆಗಳು ಬೇರೆ, ಐಎಸ್‌ಎಲ್ ಬೇರೆ. ನಿಮ್ಮ ಶಾಲೆಯಲ್ಲಿ ತುಟಿ ಓದುವುದನ್ನೇ ಕಲಿಸಿ ಸನ್ನೆಗೆ ಅವಕಾಶ ಕೊಟ್ಟಿರಲಿಲ್ಲ ಅಂದರೆ ಈಗ ಶುರುಮಾಡಿ, ತಡವೇನಲ್ಲ. ದೆಹಲಿಯ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರದ ವಿಡಿಯೋ ನಿಘಂಟು ಯೂಟ್ಯೂಬ್‌ನಲ್ಲಿ ಉಚಿತವಾಗಿ ಸಿಗುತ್ತದೆ. 2021ರ ಆವೃತ್ತಿಯ ಹೊತ್ತಿಗೆ ಅದರಲ್ಲಿ 10,000 ಪದಗಳಿದ್ದವು. 2024ರ ಡಿಸೆಂಬರ್‌ನಲ್ಲಿ ಶುರುವಾದ ಪಿಎಂ ಇ-ವಿದ್ಯಾ 31ನೇ ಟಿವಿ ಚಾನೆಲ್ ಪೂರ್ತಿ ಐಎಸ್‌ಎಲ್‌ನಲ್ಲೇ ಇದೆ. ಆದರೆ ಬರೀ ವಿಡಿಯೋ ನೋಡಿ ಭಾಷೆ ಬರುವುದಿಲ್ಲ. ಜಿಲ್ಲೆಯ ಕಿವುಡರ ಸಂಘಕ್ಕೆ ಹೋಗಿ. ಹಿರಿಯ ಕಿವುಡರ ಜೊತೆ ಕೂತು ಕ್ರಿಕೆಟ್, ರಾಜಕೀಯ, ಮದುವೆ, ಸಾಲ ಎಲ್ಲದರ ಬಗ್ಗೆ ಮಾತಾಡಿ. ಮುಂದೆ ನಿಮ್ಮ ತರಗತಿಗೆ ಬರುವ ಮಗು ಪೂರ್ಣ ಭಾಷೆಯೊಂದನ್ನು ಮೊದಲ ಸಲ ನೋಡುವುದು ನಿಮ್ಮ ಕೈಗಳಲ್ಲೇ ಇರಬಹುದು.

ಬರೆಯುವ ಕನ್ನಡ. ಒಂದು ಉದಾಹರಣೆ ನೋಡಿ. ಪಿಯುಸಿ ಪಾಸಾದ ಕಿವುಡ ವಿದ್ಯಾರ್ಥಿಗಳೂ ಹೀಗೆ ಬರೆಯುವುದುಂಟು:

"ನಿನ್ನೆ ಅಮ್ಮ ಸಂತೆ ಹೋಗು ತರಕಾರಿ ತರು. ನಾನು ಅಡುಗೆ ಸಹಾಯ ಮಾಡು."

ಬೇಕಾಗಿದ್ದದ್ದು: "ನಿನ್ನೆ ಅಮ್ಮ ಸಂತೆಗೆ ಹೋಗಿ ತರಕಾರಿ ತಂದರು. ನಾನು ಅಡುಗೆಗೆ ಸಹಾಯ ಮಾಡಿದೆ."

ಮುಖ್ಯ ಪದಗಳೆಲ್ಲ ಸರಿಯಾಗಿಯೇ ಇವೆ. ಬಿಟ್ಟುಹೋಗಿರುವುದು ಪದದ ಬಾಲಗಳು: ಗೆ, ಇ, ದರು, ದೆ. ತುಟಿ ಓದುವಾಗ ಈ ಬಾಲಗಳು ಸರಿಯಾಗಿ ಕಾಣುವುದೇ ಇಲ್ಲ. ಐಎಸ್‌ಎಲ್‌ನಲ್ಲಿ ಇವು ಬೇಕಾಗುವುದೂ ಇಲ್ಲ, ಅಲ್ಲಿ ಕೈ ಚಲಿಸುವ ದಿಕ್ಕೇ ಯಾರು ಯಾರಿಗೆ ಕೊಟ್ಟರು ಎಂದು ಹೇಳಿಬಿಡುತ್ತದೆ. ಹಾಗಾಗಿ ಇದು ದಡ್ಡತನ ಅಲ್ಲವೇ ಅಲ್ಲ. ಯಾರಾದರೂ ಹಾಗಂದರೆ ನಂಬಬೇಡಿ. ಕಲಿಯುವ ಬಗೆ ಹೀಗೆ:

1. ನೋಟ್‌ಬುಕ್ಕಿನ ಎಡಪುಟದಲ್ಲಿ ದಿನಾ ಐದು ಸಾಲು ನೀಲಿ ಪೆನ್ನಿನಲ್ಲಿ ಬರೆಯಿರಿ. ಇವತ್ತು ನಿಜವಾಗಿ ನಡೆದದ್ದನ್ನೇ ಬರೆಯಿರಿ.
2. ಕನ್ನಡ ಚೆನ್ನಾಗಿ ಬಲ್ಲ ಯಾರಾದರೂ ಬಲಪುಟದಲ್ಲಿ ಅದನ್ನೇ ಸರಿಯಾಗಿ ಬರೆಯಲಿ. ಬಾಲಗಳನ್ನು ಮಾತ್ರ ಕೆಂಪು ಪೆನ್ನಿನಲ್ಲಿ ಬರೆಯಲಿ.
3. ಪೇಪರಿನ ಒಂದು ಸಣ್ಣ ಸುದ್ದಿ ಆರಿಸಿಕೊಳ್ಳಿ. ಗೆ, ಅನ್ನು, ಇಂದ, ಅಲ್ಲಿ ಬಂದ ಕಡೆಯೆಲ್ಲ ಸುತ್ತುಹಾಕಿ.
4. ಆ ಸುದ್ದಿಯನ್ನು ಐಎಸ್‌ಎಲ್‌ನಲ್ಲಿ ಹೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿ.
5. ಪೇಪರ್ ಮುಚ್ಚಿಡಿ. ನಿಮ್ಮ ವಿಡಿಯೋ ನೋಡಿಕೊಂಡು ಸುದ್ದಿಯನ್ನು ಕನ್ನಡದಲ್ಲಿ ಬರೆಯಿರಿ. ಆಮೇಲೆ ಹೋಲಿಸಿ.

ಮೊದಲ ಎರಡು ತಿಂಗಳು ಏನೂ ಬದಲಾಗದಂತೆ ಕಾಣುತ್ತದೆ. ಬಿಡಬೇಡಿ. ಇದಕ್ಕೆ ಒಂದು ವರ್ಷ ಕೊಡಬೇಕು.

*ಎಚ್ಚರಿಕೆಯ ಗುರುತು:* ಗೈಡ್ ನೋಡಿ ಹತ್ತು ಅಂಕದ ಉತ್ತರ ಬಾಯಿಪಾಠ ಮಾಡಿ ಬರೆಯಲು ಬರುತ್ತದೆ, ಆದರೆ ಇವತ್ತು ಬೆಳಿಗ್ಗೆ ಏನಾಯಿತು ಎಂದು ಮೂರು ಸಾಲು ಬರೆಯಲು ಆಗುವುದಿಲ್ಲ ಅಂದರೆ, ಅಂಕ ಎಷ್ಟೇ ಬಂದಿರಲಿ, ಈ ಹಂತ ಮುಗಿದಿಲ್ಲ ಅಂತ ಅರ್ಥ.

ಹಂತ 3: ಎಸ್‌ಎಸ್‌ಎಲ್‌ಸಿ, ಪಿಯುಸಿ, ಡಿಗ್ರಿ

ಡಿಪ್ಲೊಮಾಗೆ ಪಿಯುಸಿ, ಬಿ.ಎಡ್.ಗೆ ಡಿಗ್ರಿ ಬೇಕು. ಎರಡರಲ್ಲೂ 50 ಶೇಕಡಾ ಅಂಕದ ಗುರಿ ಇಟ್ಟುಕೊಳ್ಳಿ.

ಶಾಲೆಯಲ್ಲಿ ಭಾಷಾ ವಿಷಯಗಳಿಗೆ ಸಿಗುವ ವಿನಾಯಿತಿಯನ್ನು ಯೋಚಿಸಿ ಬಳಸಿಕೊಳ್ಳಿ. ಪಾಸಾಗಲು ಅದು ನೆರವಾಗುತ್ತದೆ, ಬೇಕಿದ್ದರೆ ಖಂಡಿತ ತೆಗೆದುಕೊಳ್ಳಿ. ಆದರೆ ಪರೀಕ್ಷೆಯಿಂದ ಬಿಟ್ಟ ಇಂಗ್ಲಿಷನ್ನು ಜೀವನದಿಂದಲೇ ಬಿಡಬೇಡಿ. ಕೋರ್ಸಿನ ಪುಸ್ತಕಗಳು ಜಾಸ್ತಿ ಇಂಗ್ಲಿಷಿನಲ್ಲೇ ಇರುತ್ತವೆ.

ರೆಗ್ಯುಲರ್ ಶಾಲೆ ಕೈಹಿಡಿಯದಿದ್ದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್, ಇದೆ. ಅಲ್ಲಿ ಹತ್ತನೇ ತರಗತಿಗೆ ಐಎಸ್‌ಎಲ್ ಅನ್ನೇ ಒಂದು ವಿಷಯವಾಗಿ ತೆಗೆದುಕೊಳ್ಳಬಹುದು. ಡಿಗ್ರಿಗೆ ತಿರುವನಂತಪುರದ ನಿಶ್ ಸಂಸ್ಥೆಯಲ್ಲಿ ಕಿವುಡ ವಿದ್ಯಾರ್ಥಿಗಳಿಗಾಗಿಯೇ ಕೋರ್ಸುಗಳಿವೆ. ಪಾಠವೇ ಸನ್ನೆ ಭಾಷೆಯಲ್ಲಿ ನಡೆಯುವ ಕಾಲೇಜು ಹೇಗಿರುತ್ತದೆ ಎಂದು ನೋಡಲಾದರೂ ಒಮ್ಮೆ ಹೋಗಿಬನ್ನಿ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯವನ್ನು ಅರ್ಜಿ ತುಂಬುವಾಗಲೇ ಕೇಳಬೇಕು. ಹಾಲ್‌ಗೆ ಹೋದ ಮೇಲೆ ಕೇಳಿದರೆ ಕೊಡುವುದಿಲ್ಲ.

ಹಂತ 4: ಸರಿಯಾದ ಕೋರ್ಸ್ ಆರಿಸಿ

ಜಾಸ್ತಿ ಜನ ಎಡವುವುದು ಇಲ್ಲಿ. ಹೆಸರು ಒಂದೇ ಥರ ಕೇಳಿಸುವ ಕೋರ್ಸುಗಳು ಹಲವಿವೆ.

ಡಿ.ಎಡ್. ವಿಶೇಷ ಶಿಕ್ಷಣ (ಶ್ರವಣದೋಷ). ಎರಡು ವರ್ಷ, ಪಿಯುಸಿ ನಂತರ. ಪ್ರಾಥಮಿಕ ಹಂತದ ಮಕ್ಕಳಿಗೆ ಕಲಿಸಲು.

ಬಿ.ಎಡ್. ವಿಶೇಷ ಶಿಕ್ಷಣ (ಶ್ರವಣದೋಷ). ಡಿಗ್ರಿ ನಂತರ. ಪ್ರೌಢಶಾಲೆಗೆ ಇದು ಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ಕೋರ್ಸ್ ಇದೆ. ಎರಡು ವರ್ಷದ ಬಿ.ಎಡ್. ಮತ್ತು ನಾಲ್ಕು ವರ್ಷದ ಇಂಟಿಗ್ರೇಟೆಡ್ ಬಿ.ಎಡ್. ವಿಷಯದಲ್ಲಿ ಈಚೆಗೆ ನಿಯಮಗಳು ಬದಲಾಗುತ್ತಿವೆ. ಹಾಗಾಗಿ ಹಿಂದಿನ ಬ್ಯಾಚಿನವರ ಮಾತು ಕೇಳಿ ಸೇರಬೇಡಿ, ನೀವು ಸೇರುವ ವರ್ಷದ ಸುತ್ತೋಲೆ ಓದಿ.

ಡಿಟಿಐಎಸ್‌ಎಲ್. ಕಿವುಡರಿಗಾಗಿಯೇ ಇರುವ, ಸನ್ನೆ ಭಾಷೆ ಕಲಿಸುವವರ ಡಿಪ್ಲೊಮಾ. ದೆಹಲಿಯ ಸನ್ನೆ ಭಾಷಾ ಕೇಂದ್ರದಲ್ಲಿದೆ. ತುಂಬ ಒಳ್ಳೆಯ ಕೋರ್ಸ್. ಆದರೆ ಇದು ನಿಮ್ಮನ್ನು ಐಎಸ್‌ಎಲ್ ಶಿಕ್ಷಕರನ್ನಾಗಿ ಮಾಡುತ್ತದೆ. ಗಣಿತ, ವಿಜ್ಞಾನ, ಕನ್ನಡ ಕಲಿಸುವ ತರಗತಿ ಶಿಕ್ಷಕರ ಹುದ್ದೆಗೆ ಇದು ಡಿ.ಎಡ್. ಜಾಗದಲ್ಲಿ ಬರುವುದಿಲ್ಲ. ಎರಡೂ ಒಂದೇ ಅಂದುಕೊಂಡು ಸೇರಿ, ಆಮೇಲೆ ಅಳುವವರನ್ನು ನೋಡಿದರೆ ಸಂಕಟವಾಗುತ್ತದೆ.

ಸಾಮಾನ್ಯ ಡಿ.ಎಲ್.ಎಡ್. ಅಥವಾ ಬಿ.ಎಡ್. ಇದರಿಂದ ವಿಶೇಷ ಶಿಕ್ಷಕರಾಗಿ ನೋಂದಣಿ ಆಗುವುದಿಲ್ಲ.

ಇಷ್ಟು ತಿಳಿದ ಮೇಲೆ ಕಾಲೇಜು ಪರೀಕ್ಷಿಸಿ. ಭಾರತೀಯ ಪುನರ್ವಸತಿ ಪರಿಷತ್ತಿನ, ಎಲ್ಲರೂ ಆರ್‌ಸಿಐ ಅನ್ನುತ್ತಾರಲ್ಲ, ಅದರ ವೆಬ್‌ಸೈಟಿನಲ್ಲಿ ಮಾನ್ಯತೆ ಪಡೆದ ಸಂಸ್ಥೆಗಳ ಪಟ್ಟಿ ಇದೆ. ಮೂರು ವಿಷಯ ನೋಡಿ: ಸಂಸ್ಥೆಯ ಹೆಸರು ಇದೆಯೇ, ಅದೇ ಕೋರ್ಸಿಗೆ ಮಾನ್ಯತೆ ಇದೆಯೇ, ಯಾವ ವರ್ಷದವರೆಗೆ ಇದೆ. ಒಂದು ಸಂಸ್ಥೆಗೆ ಬೌದ್ಧಿಕ ಅಸಾಮರ್ಥ್ಯದ ಡಿಪ್ಲೊಮಾಗೆ ಮಾನ್ಯತೆ ಇದ್ದು, ಶ್ರವಣದೋಷಕ್ಕೆ ಇಲ್ಲದೇ ಇರಬಹುದು.

*ಎಚ್ಚರಿಕೆಯ ಗುರುತುಗಳು:* "ಆರ್‌ಸಿಐಗೆ ಅರ್ಜಿ ಹಾಕಿದ್ದೇವೆ, ಬಂದುಬಿಡುತ್ತದೆ" ಅನ್ನುವುದು. ಆರು ತಿಂಗಳಲ್ಲಿ ವಿಶೇಷ ಶಿಕ್ಷಕರಾಗಿ ಎಂಬ ಜಾಹೀರಾತು. ತರಗತಿಗೆ ಬರದೇ ಇದ್ದರೂ ನಡೆಯುತ್ತದೆ ಅನ್ನುವ ಮಾತು. ರಸೀದಿ ಕೊಡದೆ ಫೀಸು ಕೇಳುವುದು. ಇವುಗಳಲ್ಲಿ ಒಂದು ಕಂಡರೂ ದುಡ್ಡು ಕಟ್ಟಬೇಡಿ.

ಹಂತ 5: ಸೀಟು ಮತ್ತು ಸೌಲಭ್ಯ ಬರಹದಲ್ಲಿ ಕೇಳಿ

2016ರ ಕಾಯ್ದೆಯ 32ನೇ ಕಲಮಿನ ಪ್ರಕಾರ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ 5 ಶೇಕಡಾ ಸೀಟು ಅಂಗವಿಕಲರಿಗೆ ಮೀಸಲು. ಗರಿಷ್ಠ ವಯಸ್ಸಿನಲ್ಲಿ 5 ವರ್ಷದ ಸಡಿಲಿಕೆಯೂ ಇದೆ. 17ನೇ ಕಲಮು ಇನ್ನೂ ಮುಖ್ಯ. ಸನ್ನೆ ಭಾಷೆ ಬಲ್ಲ, ಸ್ವತಃ ಅಂಗವಿಕಲರಾದ ಶಿಕ್ಷಕರಿಗೂ ತರಬೇತಿ ಕೊಟ್ಟು ನೇಮಿಸಬೇಕು ಎಂದು ಅದು ಹೇಳುತ್ತದೆ. "ಕಿವುಡರು ಪಾಠ ಮಾಡೋದು ಹೇಗೆ?" ಎಂದು ಯಾರಾದರೂ ಕೇಳಿದರೆ ಈ ಕಲಮನ್ನು ಪ್ರಿಂಟ್ ತೆಗೆದು ಅರ್ಜಿಯ ಜೊತೆ ಲಗತ್ತಿಸಿ.

ಅಪ್ಪ ಅಮ್ಮನಿಗೆ ಒಂದು ಮಾತು. ಕಾಲೇಜಿಗೆ ನೀವು ಫೋನ್ ಮಾಡಿ ವಿಚಾರಿಸಿದರೆ ಹೇಳಿದ್ದಕ್ಕೆ ದಾಖಲೆ ಇರುವುದಿಲ್ಲ, ನಿಮ್ಮ ಮಗ ಅಥವಾ ಮಗಳಿಗೆ ಏನು ಮಾತಾಯಿತು ಅಂತಲೂ ತಿಳಿಯುವುದಿಲ್ಲ. ಅವರೇ ಇ-ಮೇಲ್ ಬರೆಯಲಿ. ಅದರಲ್ಲಿ ಇಷ್ಟು ಕೇಳಲಿ:

- ಸನ್ನೆ ಭಾಷೆಯ ಇಂಟರ್‌ಪ್ರಿಟರ್ ಇದ್ದಾರೆಯೇ? ಎಲ್ಲಾ ತರಗತಿಗೋ, ಕೆಲವಕ್ಕೆ ಮಾತ್ರವೋ?
- ಪಾಠದ ನೋಟ್ಸ್ ಹಿಂದಿನ ದಿನವೇ ಸಿಗುತ್ತದೆಯೇ?
- ವೈವಾ ಇಂಟರ್‌ಪ್ರಿಟರ್ ಮೂಲಕ ಅಥವಾ ಬರಹದಲ್ಲಿ ಮಾಡಬಹುದೇ?
- ಮಾತು ಕಲಿಸುವ ಪ್ರಾಕ್ಟಿಕಲ್‌ಗಳಿಗೆ ಕಿವುಡ ವಿದ್ಯಾರ್ಥಿಗಳಿಗೆ ಏನು ವ್ಯವಸ್ಥೆ?

ಕೊನೆಯ ಪ್ರಶ್ನೆಯನ್ನು ಬಿಡಲೇಬೇಡಿ. ಶ್ರವಣದೋಷದ ಕೋರ್ಸಿನಲ್ಲಿ ಹಿಯರಿಂಗ್ ಏಡ್ ಪರೀಕ್ಷೆ, ಮಾತು ತಿದ್ದುವುದು ಇವೆಲ್ಲ ಇರುತ್ತವೆ. ಉದಾಹರಣೆಗೆ ಲಿಂಗ್ (Ling) ಎಂಬ ಶ್ರವಣ ಪರೀಕ್ಷೆಯಲ್ಲಿ ಟೀಚರ್ ಬಾಯಿ ಮರೆಮಾಡಿ ಮ್, ಊ, ಆ, ಈ, ಶ್, ಸ್ ಎಂಬ ಆರು ಧ್ವನಿ ಹೇಳಬೇಕು, ಮಗು ಕೇಳಿಸಿತು ಎಂದು ತೋರಿಸಬೇಕು. ನಿಮ್ಮ ದನಿ ಸರಿಯಾಗಿ ಬಂತೋ ಇಲ್ಲವೋ ನಿಮಗೆ ತಿಳಿಯುವುದು ಹೇಗೆ, ಅಲ್ವಾ? ಇದಕ್ಕೆ ಜೋಡಿಯಾಗಿ ಮಾಡಲು ಅನುಮತಿ ಕೇಳಿ. ಕಿವಿ ಕೇಳುವ ಸಹಪಾಠಿ ಧ್ವನಿ ಹೇಳಲಿ. ಮಗುವಿನ ಪ್ರತಿಕ್ರಿಯೆ ಗುರುತಿಸುವುದು, ದಾಖಲಿಸುವುದು, ಯಾವ ಧ್ವನಿ ತಪ್ಪಿತು, ಅದರಿಂದ ಏನು ತಿಳಿಯುತ್ತದೆ ಎಂದು ವಿವರಿಸುವುದು ನಿಮ್ಮ ಕೆಲಸವಾಗಲಿ. ಕೋರ್ಸ್ ಶುರುವಾಗುವ ಮೊದಲೇ ಒಪ್ಪಿಗೆ ಪಡೆಯಿರಿ. ಪರೀಕ್ಷೆಯ ಹಿಂದಿನ ವಾರ ಕೇಳಿದರೆ ಯಾರೂ ಜವಾಬ್ದಾರಿ ತೆಗೆದುಕೊಳ್ಳುವುದಿಲ್ಲ.

ಸ್ಕಾಲರ್‌ಶಿಪ್‌ಗೆ ರಾಜ್ಯದ ಎಸ್‌ಎಸ್‌ಪಿ ಮತ್ತು ಕೇಂದ್ರದ ಎನ್‌ಎಸ್‌ಪಿ ಪೋರ್ಟಲ್ ಎರಡನ್ನೂ ನೋಡಿ. ಕೊನೆಯ ದಿನಾಂಕಕ್ಕೆ ಕಾಯಬೇಡಿ.

ಹಂತ 6: ಕೋರ್ಸಿನ ಎರಡು ವರ್ಷ

ಲೆಕ್ಚರ್‌ಗೆ ಫೋನಿನಲ್ಲಿ ಲೈವ್ ಟ್ರಾನ್ಸ್‌ಕ್ರೈಬ್ ಆ್ಯಪ್ ಇಟ್ಟುಕೊಳ್ಳಬಹುದು, ಕನ್ನಡಕ್ಕೂ ಕೆಲಸ ಮಾಡುತ್ತದೆ. ಗದ್ದಲವಿದ್ದರೆ ತಪ್ಪು ಬರೆಯುತ್ತದೆ. ಹಾಗಾಗಿ ಅದೊಂದನ್ನೇ ನಂಬಿ ಇಂಟರ್‌ಪ್ರಿಟರ್ ಬೇಡ ಅನ್ನಬೇಡಿ.

ಪಾಠ ಅಭ್ಯಾಸಕ್ಕೆ ಶಾಲೆಗೆ ಹೋದಾಗ ಮೊದಲು ಕೋಣೆ ನೋಡಿ. ಕಿಟಕಿ ನಿಮ್ಮ ಬೆನ್ನ ಹಿಂದೆ ಇದ್ದರೆ ಮಕ್ಕಳಿಗೆ ನಿಮ್ಮ ಮುಖ ಮತ್ತು ಕೈ ಕಪ್ಪಾಗಿ ಕಾಣುತ್ತದೆ. ಜಾಗ ಬದಲಿಸಿ. ಮಕ್ಕಳನ್ನು ಅರ್ಧ ವೃತ್ತದಲ್ಲಿ ಕೂರಿಸಿ, ಒಬ್ಬರ ಸನ್ನೆ ಇನ್ನೊಬ್ಬರಿಗೂ ಕಾಣಬೇಕು. ಬೋರ್ಡಿನ ಮೇಲೆ ಮೊದಲು ಬರೆಯಿರಿ, ತಿರುಗಿ, ಆಮೇಲೆ ಸನ್ನೆ ಮಾಡಿ. ಪುಸ್ತಕ ನೋಡಲು ಹೇಳಿದಾಗ ಕೈ ಇಳಿಸಿ ಸುಮ್ನೆ ಕಾಯಿರಿ. ಮಗು ತಲೆಯೆತ್ತಿದ ಮೇಲೆ ಮುಂದುವರಿಸಿ.

ಕಿವುಡ ಪ್ರಶಿಕ್ಷಣಾರ್ಥಿಗಳು ಮಾಡುವ ತಪ್ಪು ಒಂದಿದೆ. ಗೆಳೆಯರ ಜೊತೆ ಮಾತಾಡುವ ವೇಗದಲ್ಲೇ ಎರಡನೇ ಕ್ಲಾಸಿನ ಮಕ್ಕಳಿಗೂ ಸನ್ನೆ ಮಾಡುವುದು. ಹಳ್ಳಿಯಿಂದ ಈಗಷ್ಟೇ ಹಾಸ್ಟೆಲ್ಲಿಗೆ ಬಂದ ಮಗುವಿಗೆ ಊಟ, ನೀರು, ಅಮ್ಮ ಇಷ್ಟಕ್ಕೆ ಮಾತ್ರ ಮನೆಯ ಸನ್ನೆ ಗೊತ್ತಿರಬಹುದು. ಅದರ ಸನ್ನೆಯನ್ನು ಮೊದಲು ನೀವು ಕಲಿಯಿರಿ, ಅಲ್ಲಿಂದ ಐಎಸ್‌ಎಲ್‌ಗೆ ಕರೆದುಕೊಂಡು ಬನ್ನಿ.

"ಅರ್ಥ ಆಯ್ತಾ?" ಎಂದು ಕೇಳಬೇಡಿ. ಎಲ್ಲರೂ ತಲೆಯಾಡಿಸುತ್ತಾರೆ. ನೀವೂ ಶಾಲೆಯಲ್ಲಿ ಹಾಗೆಯೇ ತಲೆಯಾಡಿಸಿರುತ್ತೀರಿ. ನೀರು ಆವಿಯಾಗುವ ಪಾಠವಾದರೆ ಒದ್ದೆ ಕರವಸ್ತ್ರ ಹರವಿ, ಒಣಗಿದ ಮೇಲೆ ತೋರಿಸಿ, ನೀರು ಎಲ್ಲಿಗೆ ಹೋಯಿತು ಎಂದು ಕೇಳಿ. ನೆಲ ತೋರಿಸಿದ ಮಗುವಿಗೆ ಪಾಠ ಇನ್ನೂ ತಲುಪಿಲ್ಲ. ಬೆರಳು ಮೇಲೆತ್ತಿ, ಹುಬ್ಬು ಗಂಟಿಕ್ಕಿದ ಮಗು ಯೋಚಿಸಲು ಶುರುಮಾಡಿದೆ. ಆ ಹುಬ್ಬು ಗುರುತಿಸುವುದರಲ್ಲಿ ನಿಮಗಿರುವ ಅನುಭವ ಕಿವಿ ಕೇಳುವ ಟೀಚರ್‌ಗೆ ಸುಲಭವಾಗಿ ಬರುವಂಥದ್ದಲ್ಲ.

ಹಂತ 7: ಸಿಆರ್‌ಆರ್ ನಂಬರ್ ಪಡೆಯಿರಿ

ಕೋರ್ಸ್ ಪಾಸಾದರೆ ಕೆಲಸ ಮುಗಿಯಲಿಲ್ಲ. ಆರ್‌ಸಿಐನ ಕೇಂದ್ರ ಪುನರ್ವಸತಿ ನೋಂದಣಿಯಲ್ಲಿ, ಅಂದರೆ ಸಿಆರ್‌ಆರ್‌ನಲ್ಲಿ, ನಿಮ್ಮ ಹೆಸರು ಸೇರಬೇಕು. 1992ರ ಆರ್‌ಸಿಐ ಕಾಯ್ದೆಯ ಪ್ರಕಾರ ನೋಂದಣಿ ಇಲ್ಲದೆ ವಿಶೇಷ ಶಿಕ್ಷಕರಾಗಿ ಕೆಲಸ ಮಾಡುವುದು ಅಪರಾಧ. ಅಂತಿಮ ಅಂಕಪಟ್ಟಿ ಬಂದ ತಕ್ಷಣ ಆನ್‌ಲೈನ್ ಅರ್ಜಿ ಹಾಕಿ. ಕಾಲೇಜಿನಿಂದ ಬೇಕಾದ ಪತ್ರಗಳನ್ನೆಲ್ಲ ಹಾಸ್ಟೆಲ್ ಖಾಲಿ ಮಾಡುವ ಮೊದಲೇ ತೆಗೆದುಕೊಳ್ಳಿ. ಐದು ವರ್ಷಕ್ಕೊಮ್ಮೆ ನವೀಕರಣ ಇರುತ್ತದೆ. ಅದಕ್ಕೆ ಸಿಆರ್‌ಇ (ಮುಂದುವರಿದ ಪುನರ್ವಸತಿ ಶಿಕ್ಷಣ) ಕಾರ್ಯಾಗಾರಗಳ ಅಂಕ ಬೇಕು, ಪ್ರಮಾಣಪತ್ರಗಳನ್ನು ಒಂದೇ ಫೈಲಿನಲ್ಲಿಡಿ.

ಹಂತ 8: ಟಿಇಟಿ ಮತ್ತು ನೌಕರಿ

ಕರ್ನಾಟಕದ ಟಿಇಟಿಯಲ್ಲಿ ಒಂದು ಪೇಪರಿಗೆ 150 ಪ್ರಶ್ನೆ, 150 ಅಂಕ. ಅದರಲ್ಲಿ ಎರಡು ಭಾಷೆಗಳಿಗೇ 60. ಎರಡನೇ ಹಂತಕ್ಕೆ ಅಷ್ಟು ಒತ್ತು ಕೊಟ್ಟದ್ದು ಇದಕ್ಕೂ ಸೇರಿ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಯಾವ ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ಕೇಂದ್ರ ಸರ್ಕಾರದ ಮಾರ್ಗಸೂಚಿಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷದ ಹೆಚ್ಚುವರಿ ಸಮಯ ಇದೆ. ಅರ್ಜಿಯಲ್ಲಿ ಆ ಕಾಲಂ ತುಂಬಿ.

ಕೆಲಸ ಎಲ್ಲೆಲ್ಲಿದೆ? ಮೈಸೂರು, ಬೆಳಗಾವಿ, ಕಲಬುರಗಿಯ ಸರ್ಕಾರಿ ಕಿವುಡ ಮಕ್ಕಳ ಶಾಲೆಗಳು, ಅನುದಾನಿತ ವಿಶೇಷ ಶಾಲೆಗಳು, ಸಮಗ್ರ ಶಿಕ್ಷಣ ಯೋಜನೆಯ ಬಿಐಇಆರ್‌ಟಿ (ಬ್ಲಾಕ್ ಮಟ್ಟದ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರು) ಹುದ್ದೆಗಳು, ಕೇಂದ್ರೀಯ ವಿದ್ಯಾಲಯಗಳು. ಸಾಮಾನ್ಯ ಶಾಲೆಗಳಲ್ಲೂ 1ರಿಂದ 5ನೇ ತರಗತಿಗೆ 10 ವಿಶೇಷ ಅಗತ್ಯದ ಮಕ್ಕಳಿಗೆ ಒಬ್ಬರು, 6ರಿಂದ 8ಕ್ಕೆ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರಿರಬೇಕು. ಈ ಹುದ್ದೆಗಳನ್ನು ಮಂಜೂರು ಮಾಡಿ ಅಧಿಸೂಚಿಸಬೇಕೆಂದು ಸುಪ್ರೀಂ ಕೋರ್ಟ್ 2025ರ ಮಾರ್ಚ್‌ನಲ್ಲಿ ರಾಜ್ಯಗಳಿಗೆ ಆದೇಶಿಸಿದೆ. ಅಧಿಸೂಚನೆಗಳ ಮೇಲೆ ಕಣ್ಣಿಟ್ಟಿರಿ.

ಅಧಿಸೂಚನೆ ಬಂದಾಗ 'ಡಿ'ಗೂ ಅವಕಾಶ ಇದೆಯೇ, ಬರೀ 'ಎಚ್‌ಎಚ್' ಇದೆಯೇ ಮೊದಲು ನೋಡಿ. 2016ರ ಕಾಯ್ದೆಯಲ್ಲಿ ಸರ್ಕಾರಿ ನೌಕರಿಯ 1 ಶೇಕಡಾ ಕಿವುಡ ಮತ್ತು ಮಂದ ಶ್ರವಣ ಇಬ್ಬರಿಗೂ ಸೇರಿ ಇದೆ. 'ಡಿ' ಬಿಟ್ಟಿದ್ದರೆ ಕೊನೆಯ ದಿನಾಂಕಕ್ಕೆ ಮೊದಲೇ ಲಿಖಿತ ಆಕ್ಷೇಪಣೆ ಸಲ್ಲಿಸಿ.

ಸಂದರ್ಶನಕ್ಕೆ ಇಂಟರ್‌ಪ್ರಿಟರ್ ಬೇಕೆಂದು ವಾರ ಮೊದಲೇ ಬರೆಯಿರಿ. ಮನೆಯವರನ್ನು ಇಂಟರ್‌ಪ್ರಿಟರ್ ಆಗಿ ಕರೆದುಕೊಂಡು ಹೋಗಬೇಡಿ. ಅಲ್ಲಿ ಪ್ರಶ್ನೆಗಳೆಲ್ಲ ಅವರ ಕಡೆಗೇ ತಿರುಗಿಬಿಡುತ್ತವೆ, ನೀವು ಪಕ್ಕದಲ್ಲಿ ಕೂತಿರುತ್ತೀರಿ. ಫೋನಿನಲ್ಲಿ ನೀವು ಪಾಠ ಮಾಡಿದ ಐದು ನಿಮಿಷದ ವಿಡಿಯೋ ಇರಲಿ. ಮಕ್ಕಳ ಮುಖ ಕಾಣುವಂತಿದ್ದರೆ ಶಾಲೆಯ ಅನುಮತಿ ಪಡೆದಿರಿ.

ಕಿವುಡುತನದ ಕಾರಣಕ್ಕೇ ನಿರಾಕರಿಸಿದರೆ

ಬಾಯಿಮಾತಿನ ಉತ್ತರ ಒಪ್ಪಬೇಡಿ. ನಿರಾಕರಣೆಯ ಕಾರಣವನ್ನು ಬರಹದಲ್ಲಿ ಕೇಳಿ. ಸರ್ಕಾರಿ ಸಂಸ್ಥೆಯಾದರೆ 2016ರ ಕಾಯ್ದೆಯ 23ನೇ ಕಲಮಿನಡಿ ಅಲ್ಲಿ ಕುಂದುಕೊರತೆ ಅಧಿಕಾರಿ ಇರಲೇಬೇಕು, ಮೊದಲ ದೂರು ಅವರಿಗೆ ಕೊಡಿ. ಉತ್ತರ ಬಾರದಿದ್ದರೆ ಅಥವಾ ಸರಿಹೋಗದಿದ್ದರೆ ಬೆಂಗಳೂರಿನಲ್ಲಿರುವ ರಾಜ್ಯ ವಿಕಲಚೇತನರ ಆಯುಕ್ತರಿಗೆ ಬರೆಯಿರಿ. ಜೊತೆಗೆ ಇ-ಮೇಲ್‌ಗಳ ಪ್ರತಿ, ಯುಡಿಐಡಿ, ಅಂಕಪಟ್ಟಿ, ಸಿಆರ್‌ಆರ್ ಪ್ರಮಾಣಪತ್ರ ಇರಲಿ. ಯಾವ ದಿನ ಏನಾಯಿತು ಎಂದು ತಾರೀಕಿನ ಪ್ರಕಾರ ಒಂದೇ ಪುಟದಲ್ಲಿ ಬರೆದು ಮೇಲೆ ಇಡಿ. ದೂರಿನ ಸ್ವೀಕೃತಿ ಪಡೆಯದೆ ಆಫೀಸಿನಿಂದ ಹೊರಗೆ ಬರಬೇಡಿ.